ಒಂದೂಕಾಲು ಗಂಟೆಯ ಫ್ಲೈಟು, ಎಂಟು ಗಂಟೆಯ ಪ್ರಯಾಣ

ಕಾರವಾರದಲ್ಲಿರೋ ನಂಗೆ ಬೆಂಗಳೂರಿನ ಅಕ್ಕ ಫೋನ್ ಮಾಡಿ "ರಾತ್ರಿಯಿಡೀ ಟ್ರೇನಲ್ಲಿ ಯಾಕೋ ಒದ್ದಾಡ್ತೀಯಾ, ಗೋವಾದಿಂದ ಫ್ಲೈಟ್ ಹತ್ತು, ಒಂದೂಕಾಲು ಗಂಟೆ ಅಷ್ಟೇ" ಅಂದ್ಲು. ನಂಗೆ ಈ ಒಂದೂಕಾಲು ಗಂಟೆ ಮೇಲೆ ಡೌಟು, ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು ಕೂತೆ.

ಗೋವಾದ ದಾಬೋಲಿಂ ಏರ್‌ಪೋರ್ಟು ಅಕ್ಷಾಂಶ 15.38, ರೇಖಾಂಶ 73.83. ಬೆಂಗಳೂರಿನದ್ದು 13.20, 77.71. ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ 111 ಕಿ.ಮೀ., ಹಂಗಾಗಿ ಉತ್ತರ-ದಕ್ಷಿಣ ಅಂತರ 242. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಹಂಗೆ ಹತ್ತಿರ ಬರ್ತವಲ್ಲ, ನಮ್ಮ ಭಾಗಕ್ಕೆ ಡಿಗ್ರಿಗೆ 108 ಹಿಡೀಬೇಕು, ಪೂರ್ವ-ಪಶ್ಚಿಮ 419 ಬಂತು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 484 ಕಿ.ಮೀ., ಹೈಸ್ಕೂಲಲ್ಲಿ ಕಲ್ತ ಪೈಥಾಗೋರಸ್ಸೇ. (ಅಮೆರಿಕಕ್ಕೆಲ್ಲ ಈ ಲೆಕ್ಕ ನಡೆಯೂದಿಲ್ಲ, ಭೂಮಿ ಗುಂಡಗದೆ.)

ಮಜಾ ಏನಂದ್ರೆ ಇದೇ ರೀತಿ ಕಾರವಾರದಿಂದ ಬೆಂಗಳೂರಿಗೆ ನೇರ ಹಾಕಿದ್ರೆ 425 ಆಸುಪಾಸು. ಅಂದ್ರೆ ಬೆಂಗಳೂರಿಗೆ ಹೋಗ್ಲಿಕ್ಕೆ ನಾನು ಮೊದ್ಲು ಮಾಜಾಳಿ ದಾಟಿ, ಕಾಣಕೋಣ, ಮಡಗಾಂವ್ ಅಂತ 90 ಕಿ.ಮೀ. ಉಲ್ಟಾ ಹೋಗ್ಬೇಕು, ಆಮೇಲೆ ವಿಮಾನ ಹತ್ತಿ ವಾಪಸ್ ನಮ್ಮ ಜಿಲ್ಲೆ ಮೇಲೇ ಹಾರ್ಬೇಕು! ಮ್ಯಾಪಲ್ಲಿ ಸ್ಕೇಲ್ ಇಟ್ಟು ನೋಡ್ದೆ, ಗೆರೆ ಸೀದಾ ಯಲ್ಲಾಪುರದ ಹತ್ರ ಹೋಗ್ತದೆ.

ಗಂಟೆಗೆ 800 ಕಿ.ಮೀ. ಸ್ಪೀಡಲ್ಲಿ 484 ಅಂದ್ರೆ 36 ನಿಮಿಷ ಸಾಕಲ್ಲ, ಟಿಕೆಟ್ಟಲ್ಲಿ ಯಾಕೆ 75 ಅಂತ ತಲೆ ಕೆಡ್ತು. ಹೋದಾಗ ವಾಚ್ ನೋಡ್ಕೊಂಡೇ ಕೂತೆ. ಟಿಕೆಟ್ಟಿನ ಟೈಮು ಗೇಟಿಂದ ಗೇಟಿಗಂತೆ, ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟೋವರೆಗೆ 54 ನಿಮಿಷ, ಉಳಿದದ್ದೆಲ್ಲ ನೆಲದ ಮೇಲೆ ಉರುಳೂದು. ಆ 54ರಲ್ಲೂ ಏರೂದು ಇಳಿಯೂದೇ ಜಾಸ್ತಿ, ಫುಲ್ ಸ್ಪೀಡಲ್ಲಿ ಹೋಗೂದು ಸ್ವಲ್ಪ ಹೊತ್ತು ಮಾತ್ರ.

ಬೆಳಿಗ್ಗೆ 9ಕ್ಕೆ ಮನೆ ಬಿಟ್ಟವ ಜಯನಗರದ ಅಕ್ಕನ ಮನೆ ಮುಟ್ಟುವಾಗ ಸಂಜೆ 5 ದಾಟಿತ್ತು. ಎಂಟು ತಾಸು. ದಾಬೋಲಿಂ ತನಕ ಎರಡೂವರೆ, ಚೆಕ್ಕಿಂಗು ಲೈನು ಕಾಯೂದು ಎರಡು, ದೇವನಹಳ್ಳಿಯಿಂದ ಜಯನಗರಕ್ಕೆ ಟ್ರಾಫಿಕ್ಕಲ್ಲಿ ಎರಡು, ಮಧ್ಯದಲ್ಲಿ ಸಣ್ಣದೊಂದು ಹಾರಾಟ.

ಎರಡನೇ ಸಲ ಇನ್ನೂ ಚಂದ. ಟಿಕೆಟ್ ಚೀಪ್ ಅದೆ ಅಂತ ಒತ್ತಿಬಿಟ್ಟೆ, ಏರ್‌ಪೋರ್ಟ್ ಕೋಡ್ ನೋಡ್ಲೇ ಇಲ್ಲ. ಜಿಓಐ ಅಂದ್ರೆ ದಾಬೋಲಿಂ, ಜಿಓಎಕ್ಸ್ ಅಂದ್ರೆ ಮೋಪಾ, ಗೋವಾದಲ್ಲೇ 2023ರಲ್ಲಿ ಶುರುವಾದ ಇನ್ನೊಂದು ಏರ್‌ಪೋರ್ಟು, ಪೆಡ್ನೆ ಕಡೆ, ಪಣಜಿ ದಾಟಿ ಆಚೆ. ನಮಗೆ ದಾಬೋಲಿಂಗಿಂತ ಇನ್ನೂ 40 ಕಿ.ಮೀ.ಗೂ ಹೆಚ್ಚು ದೂರ. ಉಳಿದ ದುಡ್ಡು ಟ್ಯಾಕ್ಸಿಗೇ ಹೋಯ್ತು, ಮೇಲೆ ಟೆನ್ಶನ್ ಬೇರೆ.

ಅಂಕೋಲೆ ಹತ್ರ ಅಲಗೇರಿಯಲ್ಲಿ ಏರ್‌ಪೋರ್ಟ್ ಬರ್ತದೆ ಅಂತ ಮಾತಿದೆ, ಬಂದ್ರೆ ಮತ್ತೆ ಕ್ಯಾಲ್ಕ್ಯುಲೇಟರ್ ತೆಗೀತೆ. ಈ ಸಲ ಮಾತ್ರ ಪಂಚಗಂಗಾ ಟ್ರೇನಿಗೆ ಸ್ಲೀಪರ್ ಮಾಡ್ಸಿದ್ದೇನೆ, ಸಂಜೆ ಹತ್ತಿ ಮಲಗಿದ್ರೆ ಬೆಳಿಗ್ಗೆ ಅಕ್ಕನ ಮನೆ ತಿಂಡಿಗೆ ಹಾಜರು.