ಬೆಟ್ಟದ ಕೆಳಗೆ ನೆಲ ಬಾಗುವುದು ಹೇಗೆ? ಎರಡು ಅಡಿಕೆ ದಬ್ಬೆ ಸಾಕು

ಮಡಿಕೇರಿಯ ರಾಜಾಸೀಟ್‌ನಲ್ಲಿ ನಿಂತು ಬೆಟ್ಟದ ಸಾಲು ನೋಡುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಇಷ್ಟು ಭಾರಕ್ಕೆ ನೆಲ ಕುಸಿಯಲ್ವಾ?" ಕುಸಿಯಲ್ಲ, ಬಾಗುತ್ತೆ ಎಂದೆ. ನಂಬಲಿಲ್ಲ. ಮನೆಗೆ ಬಂದು ಮಾಡಿ ತೋರಿಸಬೇಕಾಯಿತು.

ಬೇಕಾಗುವುದು ಇಷ್ಟೇ. ಮೆತ್ತನೆಯ ಸ್ಪಂಜಿನ ಹಾಸಿಗೆ, ಒಂದು ಕಿಲೋ ಕಾಫಿ ಬೀಜದ ಪೊಟ್ಟಣ, ಒಂದು ಮೀಟರ್ ಉದ್ದದ ಎರಡು ಅಡಿಕೆ ದಬ್ಬೆ. ಒಂದನ್ನು ಕತ್ತಿಯಲ್ಲಿ ಕೆತ್ತಿ ಸ್ಕೇಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಇನ್ನೊಂದು ಬೆರಳಿನಷ್ಟು ದಪ್ಪ ಇರಲಿ.

ಮೊದಲು ದಬ್ಬೆ ಬೇಡ. ಪೊಟ್ಟಣವನ್ನು ಸುಮ್ನೆ ಹಾಸಿಗೆ ಮೇಲಿಡಿ. ಇಟ್ಟ ಕಡೆ ಮಾತ್ರ ಹೂತುಕೊಳ್ಳುತ್ತದೆ. ಆರಂಭದಲ್ಲಿ ವಿಜ್ಞಾನಿಗಳು ಬೆಟ್ಟವನ್ನೂ ಹೀಗೇ ಊಹಿಸಿಕೊಂಡಿದ್ದರು. ಆ ಕತೆ ನಮ್ಮ ದೇಶದ ಸರ್ವೆಯಿಂದಲೇ ಶುರುವಾಗಿದ್ದು. ಗೋಡೆ ನೆಟ್ಟಗಿದೆಯಾ ಎಂದು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಬಿಡುವ ಗುಂಡು ನೋಡಿದ್ದೀರಲ್ಲ, ಅಂಥದ್ದನ್ನು ಸರ್ವೆಯವರೂ ಬಳಸುತ್ತಿದ್ದರು. ಹಿಮಾಲಯದ ಸೆಳೆತಕ್ಕೆ ಆ ಗುಂಡು ಎಷ್ಟು ವಾಲಬೇಕೋ ಅದರ ಮೂರನೇ ಒಂದು ಭಾಗದಷ್ಟು ಮಾತ್ರ ವಾಲಿದೆ ಎಂದು 1855ರಲ್ಲಿ ಕಲ್ಕತ್ತಾದ ಪಾದ್ರಿ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರು. ಅದೇ ವರ್ಷ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಕಾರಣ ಹೇಳಿದರು: ನೀರಲ್ಲಿ ತೇಲುವ ದಿಮ್ಮಿಯ ಹಾಗೆ ಬೆಟ್ಟಕ್ಕೂ ಕೆಳಗೆ ಹಗುರ ಕಲ್ಲಿನ ಬೇರು ಇದೆ, ಅದಕ್ಕೇ ಸೆಳೆತ ಕಡಿಮೆ.

ಈಗ ತೆಳ್ಳನೆ ದಬ್ಬೆಯನ್ನು ಹಾಸಿಗೆ ಮೇಲೆ ಹಾಸಿ, ನಡುವೆ ಪೊಟ್ಟಣ ಇಡಿ. ಕಣ್ಣನ್ನು ಹಾಸಿಗೆಯ ಮಟ್ಟಕ್ಕೆ ತಂದು ನೋಡಿ. ತಗ್ಗು ಪೊಟ್ಟಣಕ್ಕಿಂತ ಎಷ್ಟೋ ಅಗಲ. ತುದಿಗಳು ತುಸು ಮೇಲೆದ್ದಿವೆ. ಭಾರ ಒಂದು ಕಡೆ, ಅದನ್ನು ಹೊರುವ ಕೆಲಸ ಅಕ್ಕಪಕ್ಕದ ಸ್ಪಂಜಿಗೂ ಬಂತು! ಡಚ್ಚರ ವೆನಿಂಗ್ ಮೈನೆಸ್, ಸಬ್‌ಮೆರೀನಿನಲ್ಲಿ ಕೂತು ಸಮುದ್ರದಲ್ಲಿ ಗುರುತ್ವ ಅಳೆದವರು, ಏರಿಯ ಲೆಕ್ಕಕ್ಕೆ ಸೇರಿಸಿದ್ದು ಇದನ್ನೇ. ಭೂಮಿಯ ಗಟ್ಟಿ ಹೊರಪದರಕ್ಕೆ ಶಿಲಾಗೋಳ ಎನ್ನುತ್ತಾರೆ. ದಪ್ಪ ಸುಮಾರು 100 ಕಿಲೋಮೀಟರ್. ಅದರಡಿಯ ಕಲ್ಲು ಬಿಸಿಗೆ ಮೆತ್ತಗಾಗಿ ಬಲು ನಿಧಾನಕ್ಕೆ ಹರಿಯುತ್ತದೆ. ದಬ್ಬೆ ಶಿಲಾಗೋಳ, ಸ್ಪಂಜು ಆ ಮೆತ್ತನೆ ಕಲ್ಲು.

ದಪ್ಪ ದಬ್ಬೆ ಹಾಕಿ ನೋಡಿ. ತಗ್ಗಿನ ಆಳ ಕಡಿಮೆ, ಅಗಲ ಜಾಸ್ತಿ. ತಣ್ಣಗಾದ ಹಳೇ ಶಿಲಾಗೋಳ ಹೀಗೆ. ಬಿಸಿಬಿಸಿ ಎಳೆಯದಾದರೆ ತೆಳ್ಳನೆ ದಬ್ಬೆಯಂತೆ ಬೇಗ ಬಾಗುತ್ತದೆ.

ಇನ್ನು ಪೊಟ್ಟಣವನ್ನು ಒಂದು ತುದಿಗೆ ಸರಿಸಿ. ಇದು ಹಿಮಾಲಯ. ಭಾರತದ ಫಲಕದ (ಭಾರತವನ್ನು ಹೊತ್ತ ಶಿಲಾಗೋಳದ ತುಂಡಿನ) ಉತ್ತರದ ಅಂಚಿನ ಮೇಲೆ ಅಷ್ಟೂ ಬೆಟ್ಟ ಕೂತಿದೆ, ಅಂಚು ಕೆಳಗೆ ಬಾಗಿದೆ. ಬಾಗಿದ ಜಾಗದಲ್ಲಿ ಆದ ಹಳ್ಳಕ್ಕೆ ನದಿಗಳು ಮಣ್ಣು, ಮರಳು ತುಂಬಿದವು. ಬೆಟ್ಟದ ಬುಡದ ಹತ್ತಿರ ಅದು ಕಿಲೋಮೀಟರ್‌ಗಟ್ಟಲೆ ದಪ್ಪ. ಅದೇ ಗಂಗಾ ಬಯಲು. ಚಪ್ಪಟೆ ಬಯಲಿನ ಕೆಳಗೆ ಬಾಗಿದ ಕಲ್ಲು ಇದೆ ಅಂದರೆ ಮಗಳಿರಲಿ, ನನಗೇ ಮೊದಲು ನಂಬಿಕೆ ಬಂದಿರಲಿಲ್ಲ.

ಹಾಗಾದರೆ ನಮ್ಮ ಕೊಡಗು? ಇಲ್ಲಿನ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು. ಪಶ್ಚಿಮಘಟ್ಟ ಹಿಮಾಲಯದ ಹಾಗೆ ಎರಡು ಫಲಕಗಳ ಡಿಕ್ಕಿಯಿಂದ ಎದ್ದದ್ದಲ್ಲ. (2018ರ ಭೂಕುಸಿತವನ್ನು ಇದಕ್ಕೆ ತಳುಕು ಹಾಕಬೇಡಿ. ಅದು ಮಳೆ ನೆನೆಸಿದ ಮೇಲ್ಮಣ್ಣು ಜಾರಿದ್ದು, ಈ ಬಾಗುವಿಕೆ ಲಕ್ಷಾಂತರ ವರ್ಷಗಳ ವ್ಯವಹಾರ.) ಇಲ್ಲಿನ ಆಟ ಉಲ್ಟಾ. ಪೊಟ್ಟಣವನ್ನು ಮತ್ತೆ ನಡುವೆ ಇಟ್ಟು ಬಿಚ್ಚಿ, ಹಿಡಿಹಿಡಿ ಬೀಜ ತೆಗೆಯಿರಿ. ದಬ್ಬೆ ಮೇಲೇಳುತ್ತದೆ. ಸ್ಕ್ಯಾಂಡಿನೇವಿಯಾದಲ್ಲಿ ಹಿಮಯುಗದ ಮಂಜುಗಡ್ಡೆ ಕರಗಿ ಸುಮಾರು 10,000 ವರ್ಷ ಆದರೂ ಕೆಲವು ಕಡೆ ನೆಲ ಇನ್ನೂ ವರ್ಷಕ್ಕೆ 1 ಸೆಂಟಿಮೀಟರಿನಷ್ಟು ಏಳುತ್ತಿದೆ.

ತೆಗೆದ ಬೀಜವನ್ನು ದಬ್ಬೆಯ ಪಡುವಣ ತುದಿಗೆ ಸುರಿಯಿರಿ. ಆ ತುದಿ ತಗ್ಗುತ್ತದೆ, ಬೀಜ ಖಾಲಿಯಾದ ಕಡೆ ಏಳುತ್ತದೆ. ಘಟ್ಟದ ಪಡುವಣದ ಮಳೆ ಕಲ್ಲು-ಮಣ್ಣು ಸವೆಸಿ ಅರಬ್ಬೀ ಸಮುದ್ರಕ್ಕೆ ಹಾಕುತ್ತಾ ಬಂದಿದೆ. ಸಮುದ್ರದ ತಳ ಭಾರಕ್ಕೆ ತಗ್ಗಿ, ಭಾರ ಇಳಿದ ಅಂಚು ಮೇಲಕ್ಕೆ ಬಾಗಿ ಘಟ್ಟ ಎತ್ತರವಾಗಿ ಉಳಿಯಿತು ಎಂಬುದು ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲೊಂದು. ನನಗಂತೂ ಇದು ಒಪ್ಪುವ ಮಾತು. ತಲಕಾವೇರಿಯಿಂದ ಕಡಲು ನೇರ ಗೆರೆಯಲ್ಲಿ 50 ಕಿಲೋಮೀಟರ್ ಕೂಡ ಇಲ್ಲ. ಆದರೂ ಕಾವೇರಿ ಆ ಕಡೆ ಬೆನ್ನು ತಿರುಗಿಸಿ, ಮೂಡಣಕ್ಕೆ ಸುಮಾರು 800 ಕಿಲೋಮೀಟರ್ ಹರಿಯುತ್ತಾಳೆ.