ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿನ ಬಾಯಿ ಮತ್ತು ಚರ್ಮದ ಆರೈಕೆ

ಕೀಮೋಥೆರಪಿಯ ಔಷಧಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಬಾಯಿಯಿಂದ ಗುದದ್ವಾರದವರೆಗಿನ ಒಳಪದರದ ಕೋಶಗಳೂ ಅಂಥವೇ ಆದ್ದರಿಂದ, ಔಷಧ ಕೊಟ್ಟ ಸುಮಾರು 5ರಿಂದ 10 ದಿನಗಳಲ್ಲಿ ಮಗುವಿನ ಬಾಯಿ ಕೆಂಪಾಗಿ ಹುಣ್ಣಾಗುವುದುಂಟು. ರಕ್ತದ ಬಿಳಿಕಣಗಳು ತಗ್ಗುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಬಿಳಿಕಣ ಕಡಿಮೆಯಿದ್ದಾಗ ಕೀವಾಗಲಿ ಊತವಾಗಲಿ ಕಾಣಿಸದೆಯೇ ಸೋಂಕು ಹಬ್ಬಬಹುದಾದ್ದರಿಂದ, ಸಣ್ಣ ಕೆಂಪನ್ನೂ ಕಡೆಗಣಿಸಬಾರದು.

ಪ್ರತಿದಿನ ಕೈ ತೊಳೆದುಕೊಂಡು, ಒಳ್ಳೆಯ ಬೆಳಕಿನಲ್ಲಿ ತುಟಿ ಮತ್ತು ಕೆನ್ನೆಗಳ ಒಳಬದಿ, ಒಸಡು, ನಾಲಗೆಯ ಅಡಿಭಾಗವನ್ನು ನೋಡಿ. ಒರೆಸಿದರೂ ಸುಲಭವಾಗಿ ಹೋಗದ ಬಿಳಿ ಮಚ್ಚೆಗಳು ಶಿಲೀಂಧ್ರದ ಸೋಂಕಾಗಿರಬಹುದು; ವೈದ್ಯರಿಗೆ ತೋರಿಸಬೇಕು. ಇಷ್ಟದ ತಿಂಡಿಯನ್ನೂ ದೂರ ತಳ್ಳುವ, ಜೊಲ್ಲನ್ನು ನುಂಗದೆ ಸುರಿಸುವ ಮಗು ಹಟ ಮಾಡುತ್ತಿದೆಯೆಂದು ದಯವಿಟ್ಟು ಗದರಿಸಬೇಡಿ. ಅದಕ್ಕೆ ನುಂಗಲು ನೋವಾಗುತ್ತಿರಬಹುದು, ಆ ನೋವಿಗೆ ಔಷಧವಿದೆ.

ಬಾಯಿ ನೋಯುತ್ತದೆಂದು ಶುಚಿ ಮಾಡುವುದನ್ನು ನಿಲ್ಲಿಸಿದರೆ ಹುಣ್ಣಿಗೆ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ತೀರ ಮೃದುವಾದ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ, ಇನ್ನಷ್ಟು ಮೆತ್ತಗಾಗಿಸಿ ಬಳಸಿ. ಉಗುಳಲು ಬರುವ ಮಗುವಿಗೆ, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಮತ್ತು ಅದರರ್ಧ ಉಪ್ಪು ಬೆರೆಸಿ, ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಲು ಕೊಡಬಹುದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಮರಗಟ್ಟಿಸುವ ಜೆಲ್‌ಗಳನ್ನೂ ವೈದ್ಯರು ಹೇಳದೆ ಹಚ್ಚಬೇಡಿ. ಅವು ಚಿಕ್ಕ ಮಕ್ಕಳಿಗೆ ಅಪಾಯಕಾರಿಯಾಗಬಲ್ಲವು.

ಗುದದ್ವಾರದ ಸುತ್ತಲಿನ ಚರ್ಮವನ್ನು ನೋಡಲು ಬಹಳ ಮಂದಿ ಮರೆಯುತ್ತಾರೆ. ತುಸು ದೊಡ್ಡ ಮಕ್ಕಳು ನಾಚಿಕೆಯಿಂದ ತಾವಾಗಿ ಹೇಳುವುದೂ ಇಲ್ಲ. ಮಲವಿಸರ್ಜನೆಯಾಗುವಾಗ ನೋಯುತ್ತದೆಯೇ ಎಂದು ನೀವೇ ಮೆಲ್ಲಗೆ ಕೇಳಿ. ಪ್ರತಿ ಸಲ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ, ಮೆತ್ತನೆಯ ಬಟ್ಟೆಯನ್ನು ಒತ್ತಿ ಒಣಗಿಸಿ, ವೈದ್ಯರು ಸೂಚಿಸಿದ ಕ್ರೀಮ್ ಹಚ್ಚಿ. ಗುದದ್ವಾರದ ಮೂಲಕ ಜ್ವರ ನೋಡುವುದು, ಔಷಧದ ಗುಳಿಗೆ ಇಡುವುದು, ಎನಿಮಾ ಕೊಡುವುದು ಬೇಡ: ಅಲ್ಲಿ ಆಗುವ ಸಣ್ಣ ಗೀರಿನಿಂದಲೂ ರೋಗಾಣುಗಳು ರಕ್ತಕ್ಕೆ ಸೇರಬಹುದು. ಕೀಮೋ ಕೊಟ್ಟ ನಂತರ ಕನಿಷ್ಠ 48 ಗಂಟೆಗಳ ಕಾಲ ಡೈಪರ್ ಬದಲಿಸುವವರು ಕೈಗವಸು ಧರಿಸಬೇಕು, ಏಕೆಂದರೆ ಮಲಮೂತ್ರದಲ್ಲಿ ಔಷಧದ ಅಂಶವಿರುತ್ತದೆ.

ವಿಕಿರಣ ಚಿಕಿತ್ಸೆ ಪಡೆದ ಜಾಗಕ್ಕೆ ಸಡಿಲವಾದ ಹತ್ತಿ ಬಟ್ಟೆ ಹಾಕಿ, ಬಿಸಿಲು ತಾಗದಂತೆ ನೋಡಿಕೊಳ್ಳಿ. ಅಲ್ಲಿ ಅಂಟುಪಟ್ಟಿ ಹಚ್ಚಬೇಡಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ, ಸೆಂಟ್ರಲ್ ಲೈನ್ (ಔಷಧ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ ಜಾಗ ಕೆಂಪಾದರೆ, ಚರ್ಮದ ಮೇಲೆ ಸಾಸಿವೆಯಂಥ ಕೆಂಪು ಚುಕ್ಕೆಗಳು ಹೊಸದಾಗಿ ಮೂಡಿದರೆ, ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆ ಮಾಡಿ. ಅವರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಅಥವಾ ಸರ್ಪಸುತ್ತು ಇರುವವರ ಸಂಪರ್ಕಕ್ಕೆ ಮಗು ಬಂದಿದ್ದರೆ, ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ತಿಳಿಸಿ. ರಕ್ಷಣೆಗಾಗಿ ಕೊಡುವ ಔಷಧವನ್ನು ಸಂಪರ್ಕವಾದ ಕೆಲವೇ ದಿನಗಳೊಳಗೆ ಆರಂಭಿಸಬೇಕಾಗುತ್ತದೆ.