ದಿನ ತುಂಬುವ ಮೊದಲು ಗಡಿಯಾಚೆ

ಮ್ಯೂನಿಕ್‌ನಲ್ಲಿ ಗರ್ಭ ನಿಂತಿದೆಯೆಂದು ಗೊತ್ತಾದ ವಾರವೇ ಸೂಲಗಿತ್ತಿಯನ್ನು ಹುಡುಕಲು ಶುರುಮಾಡಬೇಕು. ಇಲ್ಲಿ ಹೆಬಾಮೆ ಎಂದು ಕರೆಸಿಕೊಳ್ಳುವ, ಓದಿ ತರಬೇತಿ ಪಡೆದ ಈ ಹೆಂಗಸರಿಗೆ ಬೇಡಿಕೆ ವಿಪರೀತ. ಮೂರು ತಿಂಗಳು ತುಂಬಲಿ, ಆಮೇಲೆ ಬಾಯಿ ಬಿಡೋಣ ಎಂದು ನಮ್ಮೂರ ರೂಢಿಯಂತೆ ಸುದ್ದಿ ಮುಚ್ಚಿಟ್ಟುಕೊಂಡು ಕುಳಿತರೆ ಯಾರೂ ಸಿಗುವುದಿಲ್ಲ. ಹಾಗಾಗಿ ಕಾರವಾರದಲ್ಲಿರುವ ಅಮ್ಮನಿಗೆ ತಿಳಿಸುವ ಮೊದಲೇ ಮುಖ ನೋಡದ ಸೂಲಗಿತ್ತಿಯರಿಗೆ ಪತ್ರ ಬರೆದೆವು. ಒಬ್ಬರು ಒಪ್ಪಿದ ಮೇಲೆಯೇ ಪ್ರವಾಸದ ಮಾತು ಬಂತು. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಇಬ್ಬರೇ ಹೊರಡುವ ಅನುಕೂಲ ಇಲ್ಲಿಲ್ಲ. ಹೋಗುವುದಾದರೆ ಈಗಲೇ ಹೋಗಬೇಕು.

ಈಗಲೇ ಎಂದರೆ ಯಾವಾಗ ಎನ್ನುವುದನ್ನು ನಿರ್ಧರಿಸಿದ್ದು ತಪಾಸಣೆಗಳ ಪಟ್ಟಿ. ಸಾರ್ವಜನಿಕ ವಿಮೆಯವರಿಗೆ ಇಲ್ಲಿ ಮೂರು ಮುಖ್ಯ ಸ್ಕ್ಯಾನ್‌ಗಳು: 9ರಿಂದ 12, 19ರಿಂದ 22, 29ರಿಂದ 32ನೆಯ ವಾರಗಳಲ್ಲಿ. ನಡುವೆ 24ರಿಂದ 28ರೊಳಗೆ ಸಕ್ಕರೆ ಪರೀಕ್ಷೆ. ಮೊದಲ ಮೂರು ತಿಂಗಳು ನನಗೆ ಒಗ್ಗರಣೆಯ ವಾಸನೆಯೇ ಶತ್ರುವಾಗಿತ್ತು, ಟ್ರಾಮ್ ಹತ್ತಿದರೂ ಹೊಟ್ಟೆ ತೊಳಸುತ್ತಿತ್ತು. ಎರಡನೆಯ ಸ್ಕ್ಯಾನ್ ಮುಗಿದು, ಮೂರನೆಯದು ಬರುವ ತನಕದ ಅವಧಿಯೇ ನಮ್ಮ ಪಾಲಿನ ಸುಗ್ಗಿ. ಸೆಪ್ಟೆಂಬರ್ ನಡುವಿಗೆ ಹೆರಿಗೆಯ ದಿನ ಬರೆದಿದ್ದರಿಂದ ಅದು ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೆ ಬಂತು. ಹೆರಿಗೆ ರಜೆಯಲ್ಲಿ ಸುತ್ತಬಹುದಲ್ಲ ಎಂದು ಕೇಳಿದವರಿದ್ದರು. ಆ ರಜೆ ಶುರುವಾಗುವುದೇ ದಿನಕ್ಕೆ ಆರು ವಾರ ಮುಂಚೆ. ಆಗ ಸುತ್ತುವುದಿರಲಿ, ಮಗ್ಗುಲು ಬದಲಿಸುವುದೇ ಒಂದು ಕೆಲಸ. ಅದೃಷ್ಟಕ್ಕೆ ಮ್ಯೂನಿಕ್ ಇರುವ ಬವೇರಿಯ ಕ್ಯಾಥೊಲಿಕ್ ನಾಡು. ಮೇ, ಜೂನ್‌ಗಳಲ್ಲಿ ಹಬ್ಬದ ರಜೆಗಳು ಸಾಲಾಗಿ ಬರುತ್ತವೆ.

ನನ್ನ ವೈದ್ಯೆಗೆ ಹೇಳಿದಾಗ ಅವರು ಊರಿನ ಹೆಸರು ಕೇಳಲಿಲ್ಲ. ‘ಅಲ್ಲಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ?’ ಎಂದಷ್ಟೇ ಕೇಳಿದರು. ನನ್ನ ರಕ್ತ ಬಿ ನೆಗೆಟಿವ್. ಇಂಥ ನೆಗೆಟಿವ್ ರಕ್ತದ ಗರ್ಭಿಣಿಗೆ ಒಂದು ವೇಳೆ ರಕ್ತಸ್ರಾವ ಕಾಣಿಸಿಕೊಂಡರೆ, ಹೊಟ್ಟೆಗೆ ಪೆಟ್ಟು ಬಿದ್ದರೆ, ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಬೀಳಬೇಕು. ಅಂದಿನಿಂದ ಆ ಪ್ರಶ್ನೆಯೇ ನಮ್ಮ ಅಳತೆಗೋಲು. ಗ್ರೀಸಿನ ಪುಟ್ಟ ದ್ವೀಪಗಳು ಅದರಲ್ಲಿ ನಪಾಸಾದವು. ಬೆಟ್ಟದ ತುದಿಯ ಗುಡಿಸಲು ಹೋಟೆಲುಗಳೂ ಅಷ್ಟೇ. ಉಳಿದದ್ದು ಆಸ್ಪತ್ರೆಯಿರುವ, ಸಮತಟ್ಟು ಬೀದಿಗಳಿರುವ, ಬೇಸರ ಬಂದರೆ ಅದೇ ದಿನ ಮನೆಗೆ ಮರಳಬಹುದಾದ ಊರುಗಳು.

ಸ್ವಿಟ್ಜರ್ಲೆಂಡ್ ಹೊರಬಿದ್ದದ್ದು ಬೇರೆ ಕಾರಣಕ್ಕೆ. ಭಾರತೀಯ ಪಾಸ್‌ಪೋರ್ಟಿನವರು ಇದನ್ನು ಗಮನಿಸಬೇಕು. ಜರ್ಮನ್ ವಿಮಾ ಕಾರ್ಡಿನ ನೀಲಿ ಹಿಂಬದಿಯೇ ಯುರೋಪಿನ ಆರೋಗ್ಯ ವಿಮಾ ಕಾರ್ಡು. ಅದನ್ನು ತೋರಿಸಿದರೆ ಆಸ್ಟ್ರಿಯ, ಇಟಲಿ, ಪೋರ್ಚುಗಲ್‌ಗಳ ಸರಕಾರಿ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ. ಆದರೆ ಯುರೋಪಿನ ಒಕ್ಕೂಟದ ಪೌರತ್ವ ಇಲ್ಲದ ನಮ್ಮಂಥವರಿಗೆ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್, ಲೀಕ್ಟೆನ್‌ಸ್ಟೈನ್‌ಗಳಲ್ಲಿ ಅದು ನಡೆಯುವುದಿಲ್ಲ. ಗಡಿಯಲ್ಲಿ ಯಾರೂ ಈ ಕಾರ್ಡಿನ ಬಗ್ಗೆ ಕೇಳುವುದಿಲ್ಲವಾದ್ದರಿಂದ ಬಹಳ ಮಂದಿಗೆ ಇದು ತಿಳಿದೇ ಇಲ್ಲ. ನಾವು ಕಾರ್ಡಿನ ಜೊತೆಗೆ ಖಾಸಗಿ ಪ್ರವಾಸ ವಿಮೆಯನ್ನೂ ಮಾಡಿಸಿದೆವು. ಕೊಳ್ಳುವ ಮೊದಲು ನನ್ನ ಗಂಡ ಅದರ ಷರತ್ತುಗಳನ್ನೆಲ್ಲ ಕುಳಿತು ಓದಿದ. ಗರ್ಭಿಣಿಯ ತೊಂದರೆಗಳ ಜೊತೆಗೆ, ಅವಧಿಗೆ ಮುನ್ನ ಮಗು ಹುಟ್ಟಿಬಿಟ್ಟರೆ ಆ ಮಗುವಿನ ಚಿಕಿತ್ಸೆಯೂ ಸೇರಿದೆಯೇ ಎನ್ನುವುದೇ ಅವನಿಗೆ ಬೇಕಾಗಿದ್ದ ಸಾಲು. ಹಣದ ಲೆಕ್ಕದಲ್ಲಿ ನಿಜವಾಗಿ ಭಯ ಹುಟ್ಟಿಸುವುದು ಅದೇ.

ಹೆರಿಗೆಗೆ ಮುಂಚಿನ ಜೋಡಿ ಪ್ರವಾಸಕ್ಕೆಂದು ಹೋಟೆಲುಗಳು ‘ಬೇಬಿಮೂನ್’ ಹೆಸರಿನಲ್ಲಿ ಮಾರುವ ಪ್ಯಾಕೇಜುಗಳ ಬಗ್ಗೆ ನನಗೆ ಅಂಥ ಗೌರವವಿಲ್ಲ. ಮುಕ್ಕಾಲುಪಾಲು ಬಿಸಿನೀರಿನ ಕೊಳ, ಸೌನಾ, ಮಸಾಜು. ಬಿಸಿ ಹೆಚ್ಚಿದ ನೀರಿನಲ್ಲಿ ಮುಳುಗಿ ಕೂರಬೇಡ ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು. ಆಸ್ಟ್ರಿಯದ ಬಾಡ್ ಗಾಸ್ಟೈನ್ ಹೆಸರು ಯಾರೋ ಸೂಚಿಸಿದಾಗ ಹುಡುಕಿ ನೋಡಿದರೆ, ಅಲ್ಲಿನ ಬಿಸಿನೀರಿನ ಹೆಸರುವಾಸಿ ಗುಣವೇ ರೇಡಾನ್ ಎಂಬ ವಿಕಿರಣಶೀಲ ಅನಿಲ. ಅಲ್ಲಿಯ ಚಿಕಿತ್ಸಾ ಸುರಂಗಕ್ಕೆ ಬಸುರಿಯರಿಗೆ ಪ್ರವೇಶವೇ ಇಲ್ಲ.

ಮೇ ತಿಂಗಳ ಆರಂಭಕ್ಕೆ ಬೊಲ್ಝಾನೊ ಆರಿಸಿಕೊಂಡೆವು. ಇಟಲಿಯ ಊರು, ಆದರೆ ದಕ್ಷಿಣ ಟಿರೋಲ್ ಪ್ರಾಂತ್ಯದ ಹೆಚ್ಚಿನವರ ಮಾತು ಜರ್ಮನ್. ನನಗೆ ಬೇಕಾಗಿದ್ದದ್ದು ಇದೇ. ಜರ್ಮನಿಯಲ್ಲಿ ಪ್ರತಿ ಗರ್ಭಿಣಿಗೂ ಮುಟರ್‌ಪಾಸ್ ಎಂಬ ಪುಸ್ತಿಕೆ ಕೊಡುತ್ತಾರೆ. ರಕ್ತದ ಗುಂಪು, ತಪಾಸಣೆಗಳು, ಸ್ಕ್ಯಾನಿನ ಅಳತೆಗಳು, ದಿನ ತುಂಬುವ ತಾರೀಕು ಎಲ್ಲವೂ ಅದರಲ್ಲಿ ಇರುತ್ತವೆ. ಅಲ್ಲಿನ ಆಸ್ಪತ್ರೆಯಲ್ಲಿ ಅದನ್ನು ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ.

ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆದಾರಿಯ ಮೂಲಕ ರೈಲಿನಲ್ಲಿ ಸುಮಾರು ನಾಲ್ಕು ತಾಸು. ರೈಲೇ ಸರಿ ಎಂದದ್ದು ನಡೆದಾಡಲು ಜಾಗ ಇರುತ್ತದೆಂದು. ಬಸುರಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾಮೂಲಿಗಿಂತ ಹೆಚ್ಚು, ತಾಸಿಗೊಮ್ಮೆಯಾದರೂ ಎದ್ದು ಓಡಾಡಬೇಕು. ಸೀಟು ಕಾದಿರಿಸುವಾಗ ಕಿಟಕಿಯ ಆಸೆ ಬಿಟ್ಟು, ಶೌಚಾಲಯಕ್ಕೆ ಹತ್ತಿರದ ಓಣಿ ಬದಿಯದನ್ನು ಹಿಡಿದೆವು.

ವೈದ್ಯೆ ಬಿಗಿ ಕಾಲುಚೀಲಗಳನ್ನೂ ಬರೆದುಕೊಟ್ಟಿದ್ದರು. ಅವನ್ನು ಅಂಗಡಿಯಲ್ಲಿ ಸುಮ್ಮನೆ ಆರಿಸಿಕೊಳ್ಳುವಂತಿಲ್ಲ. ಕಾಲು ಊದಿಕೊಳ್ಳುವ ಮೊದಲು, ಬೆಳಿಗ್ಗೆಯೇ ಹೋಗಿ, ಪಾದ, ಹರಡು, ಮೀನಖಂಡ, ತೊಡೆಗಳ ಅಳತೆ ಕೊಡಬೇಕು. ಹಾಕಿಕೊಳ್ಳುವುದು ಇನ್ನೊಂದು ಕುಸ್ತಿ. ಏಳುವ ಮುಂಚೆ, ಮಲಗಿದ್ದಲ್ಲಿಯೇ ತೊಡಬೇಕು. ನನಗೋ ಹೊಟ್ಟೆ ಅಡ್ಡ. ಗಂಡ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಮಾಡಿ, ಮೊದಲು ಬೆರಳು ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಅಂಗೈಯಿಂದ ಸವರುತ್ತ ಗೇಣು ಗೇಣಾಗಿ ಮೇಲಕ್ಕೆ ಏರಿಸುತ್ತಿದ್ದ. ಎಲ್ಲಿಯೂ ಸುಕ್ಕು ಉಳಿಯಬಾರದು, ಉಳಿದರೆ ಅಲ್ಲಿಯೇ ಕಚ್ಚುತ್ತದೆ. ಎರಡನೆಯ ಕಾಲು ಮುಗಿಯುವ ಹೊತ್ತಿಗೆ ಅವನ ಹಣೆಯಲ್ಲಿ ಬೆವರು. ಹೆರಿಗೆಯ ಸಿದ್ಧತೆಯ ತರಗತಿಗಳಲ್ಲಿ ಉಸಿರಾಟ ಕಲಿತದ್ದಕ್ಕಿಂತ ಹೆಚ್ಚಾಗಿ ಅವನು ನನಗೆ ಆಸರೆಯಾಗುವುದನ್ನು ಕಲಿತದ್ದು ಆ ಹೋಟೆಲು ಕೋಣೆಯ ಮುಂಜಾವುಗಳಲ್ಲಿ.

ಊಟದ್ದು ಚಿಕ್ಕ ಪಟ್ಟಿ. ಹಸಿ ಮಾಂಸದಿಂದ ಹರಡಬಲ್ಲ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಪರೀಕ್ಷೆಯಲ್ಲಿ ನನಗೆ ರಕ್ಷಣೆ ಇಲ್ಲವೆಂದು ಬಂದಿತ್ತು. ಹಾಗಾಗಿ ಆ ಸೀಮೆಯ ಹೆಮ್ಮೆಯ ಸ್ಪೆಕ್, ಅಂದರೆ ಬೇಯಿಸದ ಹಂದಿಮಾಂಸ, ಬೇಡ. ಹಸಿ ಹಾಲಿನ ಚೀಸ್ ಬೇಡ. ಪಾಲಕ್ ಹಾಕಿದ ಬಿಸಿ ಬಿಸಿ ಕ್ನೋಡೆಲ್ ಉಂಡೆಗಳಿಗೆ ಅಡ್ಡಿಯಿಲ್ಲ. ಕರಗಿಸಿದ ಬೆಣ್ಣೆ ಸುರಿದು ಕೊಡುತ್ತಾರೆ, ನಾನು ಅದರಲ್ಲಿಯೇ ಬದುಕಿದೆ.

ಬೊಲ್ಝಾನೊದಲ್ಲಿ ಎಲ್ಲರೂ ನೋಡುವುದು ಓಟ್ಸಿಯನ್ನು. 1991ರಲ್ಲಿ ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗೆ ಆಲ್ಪ್ಸ್‌ನ ಹಿಮದಲ್ಲಿ, 3,210 ಮೀಟರ್ ಎತ್ತರದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ ಅದು. ಹಿಂದಿನ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದ್ದೇ ತಡ, ‘ಬಸುರಿ ಹೆಣ ನೋಡಬಾರದು’ ಎಂದು ಕಡ್ಡಿ ಮುರಿದಂತೆ ಹೇಳಿದರು. ಐದು ಸಾವಿರ ವರ್ಷವಾಯಿತಮ್ಮ ಎಂದರೆ, ‘ಸಂಸ್ಕಾರ ಆಗಿದೆಯಾ?’ ಎಂದು ಮರುಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮ್ಯೂಸಿಯಂ ಟಿಕೆಟಿನಲ್ಲಿ ಹೊತ್ತು ಬರೆದಿತ್ತು, ಹೋದೆ. ದೇಹವನ್ನು ಮೈನಸ್ 6 ಡಿಗ್ರಿಯ ಕೋಣೆಯಲ್ಲಿ ಇಟ್ಟಿದ್ದಾರೆ, ಚಿಕ್ಕದೊಂದು ಕಿಟಕಿಯಿಂದ ಒಬ್ಬೊಬ್ಬರಾಗಿ ನೋಡಬೇಕು. ಮೈಮೇಲೆ ಮಂಜಿನ ತೆಳು ಹೊಳಪು, ಎಡಗೈ ಎದೆಯ ಮೇಲಿಂದ ಅಡ್ಡ ಹಾಯ್ದಿದೆ, ಚರ್ಮ ಬೆಲ್ಲದ ಬಣ್ಣ. ಎಡ ಭುಜಕ್ಕೆ ಹಿಂದಿನಿಂದ ನೆಟ್ಟ ಬಾಣದಿಂದ ಸತ್ತವನು. ಹೆದರಿಕೆಯೇನೂ ಆಗಲಿಲ್ಲ. ಹಿಂದೆ ಸಾಲಿನಲ್ಲಿದ್ದವರ ಗೊಣಗಾಟ ಕೇಳುವ ತನಕ ನಿಂತೇ ಇದ್ದೆ. ಅಮ್ಮನಿಗೆ ಮಾತ್ರ ಹೊರಗೇ ಕುಳಿತಿದ್ದೆ ಎಂದೆ. ಆ ಸುಳ್ಳಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ವಿಮಾನ ಹತ್ತಿದ್ದು ಲಿಸ್ಬನ್ನಿಗೆ, ಜೂನ್‌ನ ಪೆಂಟೆಕೊಸ್ಟ್ ರಜೆಯಲ್ಲಿ. ಬಹುಪಾಲು ವಿಮಾನ ಸಂಸ್ಥೆಗಳು 28ನೆಯ ವಾರದಿಂದ ವೈದ್ಯರ ಪತ್ರ ಕೇಳುತ್ತವೆ, ಒಂದೇ ಮಗುವಾದರೆ 36ರ ಆಚೆಗೆ ಹತ್ತಿಸುವುದಿಲ್ಲ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆಯಾದ್ದರಿಂದ ಟಿಕೆಟಿಗೆ ಮೊದಲು ಓದಿಕೊಳ್ಳಬೇಕು, ವಾಪಸು ಬರುವ ದಿನದ ವಾರವನ್ನೂ ಎಣಿಸಬೇಕು. ನನಗಾಗ 28 ಆಗಿರಲಿಲ್ಲ. ಆದರೂ ವೈದ್ಯೆಯಿಂದ ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿಕೊಂಡೆ, ಹೊಟ್ಟೆಯ ಗಾತ್ರ ನೋಡಿ ಕೌಂಟರಿನವರು ತಾವೇ ವಾರ ಎಣಿಸಲು ಹೊರಟರೆ ಇರಲಿ ಎಂದು. ಬೆಲ್ಟು ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗುವಂತೆ. ನೀರು ಕುಡಿಯುತ್ತಲೇ ಇರುವುದು. ಇಷ್ಟೇ.

ಲಿಸ್ಬನ್ನಿನ ಬೀದಿಗಳು ಬಸುರಿಯ ಸ್ನೇಹಿತರಲ್ಲ. ಕಾಲುದಾರಿಗೆಲ್ಲ ನಯವಾದ ಚಿಕ್ಕ ಸುಣ್ಣಕಲ್ಲು ಹಾಸಿದ್ದಾರೆ, ಸವೆದು ಜಾರುತ್ತವೆ, ಮೇಲಾಗಿ ಏರಿಳಿತ. ಅದಕ್ಕೇ ತಗ್ಗಿನ ಬೈಶಾ ಭಾಗದಲ್ಲಿ ಉಳಿದುಕೊಂಡು, ರಬ್ಬರ್ ತಳದ ಚಪ್ಪಲಿಯಲ್ಲೇ ಓಡಾಡಿದೆ. ಆದರೆ ಅಲ್ಲಿನ ಜನ ಸ್ನೇಹಿತರು, ಕಾನೂನೂ ಸ್ನೇಹಿತ. 2016ರ ಕಾಯಿದೆಯ ಪ್ರಕಾರ ಗರ್ಭಿಣಿಯರಿಗೆ, ವೃದ್ಧರಿಗೆ, ಅಂಗವಿಕಲರಿಗೆ, ಕಂಕುಳಲ್ಲಿ ಮಗು ಇರುವವರಿಗೆ ಸರಕಾರಿ ಕಚೇರಿಯಿಂದ ಅಂಗಡಿಯವರೆಗೆ ಎಲ್ಲೆಡೆ ಮೊದಲ ಸರದಿ. ಬೆಲೆಂನಲ್ಲಿ 1837ರಿಂದ ಮೊಟ್ಟೆ-ಹಾಲಿನ ಪುಟ್ಟ ಕಡುಬು ಮಾರುವ ಅಂಗಡಿಯ ಮುಂದೆ ಸಾಲು ಬೀದಿಗೆ ಬಂದಿತ್ತು. ಹಿಂದೆ ಹೋಗಿ ನಿಂತಿದ್ದೆ. ಮುಂದಿದ್ದ ಅಜ್ಜಿಯೊಬ್ಬರು ಹೊಟ್ಟೆ ನೋಡಿ, ನನ್ನ ಮೊಣಕೈ ಹಿಡಿದು, ಸಾಲಿನುದ್ದಕ್ಕೂ ಪೋರ್ಚುಗೀಸಿನಲ್ಲಿ ಏನೋ ಗದರುತ್ತ ಕೌಂಟರಿನ ಮುಂದೆ ತಂದು ನಿಲ್ಲಿಸಿದರು. ಮ್ಯೂನಿಕ್‌ನ ಸುರಂಗ ರೈಲಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಮುಳುಗಿರುವುದನ್ನು ತಿಂಗಳುಗಟ್ಟಲೆ ಕಂಡವಳಿಗೆ ಅಲ್ಲೇ ಅಳು ಬಂತು. ಹಾರ್ಮೋನು ಎಂದ ಗಂಡ.

ಪಕ್ಕದ ಜೆರೊನಿಮೊಸ್ ಮಠದ ಇಗರ್ಜಿಯಲ್ಲಿ ವಾಸ್ಕೊ ಡ ಗಾಮನ ಗೋರಿ ಇದೆ. 1498ರಲ್ಲಿ ಅವನು ಊರಿಗೆ ಮರಳುವ ಮುನ್ನ ಹಡಗು ರಿಪೇರಿಗೆ ನಿಂತದ್ದು ನಮ್ಮ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ. ಗೋರಿಯ ಫೋಟೊ ಅಮ್ಮನಿಗೆ ಕಳಿಸಿ ಇದು ಹೆಣದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಕಲ್ಲಿನೊಳಗಿದ್ದರೆ ಪರವಾಗಿಲ್ಲ ಎಂದು ಉತ್ತರ ಬಂತು.

ಜೂನ್ ಎಂದರೆ ಲಿಸ್ಬನ್ನಿಗೆ ಸಂತ ಅಂತೋನಿಯ ತಿಂಗಳು. ಓಣಿ ಓಣಿಗಳಲ್ಲಿ ಕೆಂಡದ ಮೇಲೆ ಸಾರ್ಡಿನ್ ಸುಡುತ್ತಾರೆ. ನಮ್ಮ ತಾರ್ಲೆಯ, ಮಂಗಳೂರಿನವರ ಬೂತಾಯಿಯ ದಾಯಾದಿ ಅದು. ಮ್ಯೂನಿಕ್‌ನಲ್ಲಿ ತಿಂಗಳುಗಳಿಂದ ಕಾಡುತ್ತಿದ್ದ ಬಯಕೆ ಅದೇ ಎಂದು ಹೊಗೆ ಮೂಗಿಗೆ ಬಡಿದ ಮೇಲೆ ಗೊತ್ತಾಯಿತು. ಸಣ್ಣ ಮೀನಾದ್ದರಿಂದ ಪಾದರಸದ ಭಯ ಕಡಿಮೆ, ಚೆನ್ನಾಗಿ ಬೆಂದಿದ್ದರೆ ಸಾಕು. ಕತ್ತಿಮೀನಿನಂಥ ದೊಡ್ಡ ಬೇಟೆಗಾರ ಮೀನುಗಳು ಬಸುರಿಯರಿಗೆ ಸಲ್ಲವು. ಬ್ರೆಡ್ಡಿನ ಮೇಲೆ ಇಟ್ಟುಕೊಟ್ಟ ಮೀನಿಗೆ ಗಂಡನ ಪಾಲಿನ ಉಪ್ಪೂ ನಿಂಬೆಯೂ ಹಾಕಿಕೊಂಡೆ. ಸೀಮಂತದ ಬುತ್ತಿಯಲ್ಲಿ ಇಲ್ಲದ್ದು ಅಲ್ಲಿ ಸಿಕ್ಕಿತು.

ಕೊನೆಯದಾಗಿ ಸಾಲ್ಜ್‌ಬರ್ಗ್, ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು. ಬವೇರಿಯದ ದಿನದ ರೈಲು ಟಿಕೆಟ್ ಗಡಿ ದಾಟಿ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ. ನಮಗೆ ರಜೆಯಿದ್ದ ಫ್ರೋನ್‌ಲೈಖ್ನಾಮ್ ಹಬ್ಬ ಆಸ್ಟ್ರಿಯದಲ್ಲೂ ರಜೆಯೇ, ಅಂಗಡಿಗಳೆಲ್ಲ ಮುಚ್ಚಿದ್ದವು. ನನಗದು ಒಳ್ಳೆಯದೇ ಆಯಿತು. ಮಿರಾಬೆಲ್ ತೋಟದ ಬೆಂಚಿನಿಂದ ಬೆಂಚಿಗೆ ನಡೆದು, ಕೋಟೆಗೆ ಮೆಟ್ಟಿಲು ಬಿಟ್ಟು 1892ರಿಂದ ಓಡುತ್ತಿರುವ ಹಗ್ಗದ ರೈಲಿನಲ್ಲಿ ಏರಿಳಿದೆವು.

ತೊಡಕಾದದ್ದು ಗಂಡನ ಗಡ್ಡದಿಂದ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ದೂರ ಪ್ರಯಾಣ ಹೋಗಬಾರದು, ಮನೆ ಕಟ್ಟಬಾರದು, ಹೆಣದ ಹಿಂದೆ ಹೋಗಬಾರದು ಎಂದು ಅತ್ತೆ ಹೇಳಿಕಳಿಸಿದ್ದರು. ಎರಡನೆಯದನ್ನು ಮುರಿದ ಸಮಾಧಾನಕ್ಕೋ ಏನೋ, ಮೊದಲನೆಯದನ್ನು ಅವನು ಶ್ರದ್ಧೆಯಿಂದ ಪಾಲಿಸಿದ. ಜರ್ಮನಿ 2015ರಿಂದ ಆಸ್ಟ್ರಿಯದ ಗಡಿಯಲ್ಲಿ ತಪಾಸಣೆ ನಡೆಸುತ್ತಿದೆ. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಕೈಯಲ್ಲಿರಬೇಕು. ಮರಳುವಾಗ ಗಡಿಯ ಫ್ರೈಲಾಸಿಂಗ್‌ನಲ್ಲಿ ರೈಲು ಹತ್ತಿದ ಪೊಲೀಸ್ ಹೆಣ್ಣುಮಗಳು ನುಣ್ಣಗೆ ಬೋಳಿಸಿದ ಫೋಟೊವನ್ನೂ ಎದುರಿಗಿದ್ದ ಸನ್ಯಾಸಿಯನ್ನೂ ಸರದಿಯಂತೆ ನೋಡಿದರು. ಗಂಡ ತನ್ನ ಹರಕು ಜರ್ಮನ್‌ನಲ್ಲಿ ಶಾಸ್ತ್ರ ವಿವರಿಸಿದ. ಅವರು ನನ್ನ ಹೊಟ್ಟೆಯತ್ತ ತಿರುಗಿ, ‘ಸೆಪ್ಟೆಂಬರ್ ತನಕ ಹೀಗೆಯೇ?’ ಎಂದು ನನ್ನನ್ನೇ ಕೇಳಿದರು. ಹೌದೆಂದೆ. ಕಾಗದ ಹಿಂದಿರುಗಿಸಿ ನನಗೆ ಶುಭ ಕೋರಿ ಹೋದರು, ಅವನಿಗಲ್ಲ.

ಜುಲೈ ಸ್ಕ್ಯಾನಿನ ನಂತರ ಊರು ಬಿಡಲಿಲ್ಲ. ಕಾಗದಗಳ ಚೀಲ ಹಾಗೆಯೇ ಆಸ್ಪತ್ರೆಯ ಚೀಲದೊಳಕ್ಕೆ ಹೋಯಿತು, ಬರೆದ ದಿನಕ್ಕೆ ಸ್ವಲ್ಪ ತಡವಾಗಿಯೇ ಮಗಳು ಬಂದಳು. ಈಗ ಅವಳನ್ನು ಕರೆದುಕೊಂಡು ಗಡಿ ದಾಟಬೇಕಾದರೆ ಅವಳ ಹೆಸರಿನಲ್ಲೇ ಪಾಸ್‌ಪೋರ್ಟ್ ಬೇಕು. ಇಲ್ಲಿನ ಭಾರತೀಯ ಕಾನ್ಸುಲೇಟಿಗೆ ಕೊಡುವ ಫೋಟೊದಲ್ಲಿ ಕಣ್ಣು ತೆರೆದಿರಬೇಕು, ಹಿನ್ನೆಲೆ ಬೆಳ್ಳಗಿರಬೇಕು, ಹಿಡಿದವರ ಕೈ ಕಾಣಿಸಬಾರದು. ಗಡ್ಡ ತೆಗೆದ ಅಪ್ಪ ಬೆಳಗಿನಿಂದ ಹಾಸಿಗೆಯ ಮೇಲೆ ಬಿಳಿ ಪಂಚೆ ಹಾಸಿ ಕ್ಯಾಮೆರಾ ಹಿಡಿದು ಕುಳಿತಿದ್ದಾನೆ. ಅವಳು ಪಂಚೆಯನ್ನು ಎರಡು ಸಲ ಒದ್ದೆ ಮಾಡಿದ್ದಾಳೆ.